ನಾಲ್ಕು ಗೂಟಗಳ ನಡುವಿನ ಮಳೆ

ಆಕಾಶಕ್ಕೆ ಬೇಲಿ ಹಾಕಿದವರು ಲೋಕದಲ್ಲಿ ಯಾರೂ ಇಲ್ಲ ಎಂದು ಪ್ರಾಜ್ಞರು ಹೇಳುತ್ತಾರೆ. ಪ್ರಾಜ್ಞರು ನಮ್ಮ ಕಚೇರಿಗೆ ಬಂದವರಲ್ಲ. ನಮ್ಮಲ್ಲಿ ಆಕಾಶಕ್ಕೆ ಹತ್ತಡಿ ಉದ್ದ, ಹತ್ತಡಿ ಅಗಲದ ಬೇಲಿ ಇತ್ತು. ಬೇಲಿಗೊಂದು ಬಾಗಿಲು, ಬಾಗಿಲಿಗೊಂದು ಬೀಗ, ಬೀಗದ ಕೈಗೊಂದು ರಿಜಿಸ್ಟರು. ಬೇಲಿಯ ಆಚೆ ಬಿದ್ದ ಮಳೆ ಬಿದ್ದದ್ದೇ ಅಲ್ಲ.

ಅರವತ್ತರ ದಶಕದ ನಡುಭಾಗದಲ್ಲಿ ನಾನು ಅಹಮದಾಬಾದಿನಲ್ಲಿ ಹವಾಮಾನದ ಕಚೇರಿಯೊಂದರ ಕಿರಿಯ ಸಹಾಯಕ. ಹುಬ್ಬಳ್ಳಿ ದಾಟಿದರೆ ಪರದೇಶ ಎಂಬುದು ನಮ್ಮ ಅವ್ವನ ಭೂಗೋಳವಾಗಿತ್ತು. ಪರದೇಶದಲ್ಲಿ ಮಗ ಏನು ಉಣ್ಣುತ್ತಾನೋ ಎಂದು ಧಾರವಾಡದಿಂದ ವಾರಕ್ಕೊಂದು ಕಾಗದ ಬರುತ್ತಿತ್ತು. ನನ್ನ ಕೆಲಸ ಮಾತ್ರ ಬಹಳ ಸುಖದ್ದು. ಗುಜರಾತಿನ ಹಳ್ಳಿ, ಕಾಡು, ಕೆರೆದಂಡೆಗಳಲ್ಲಿ ಇಂಥ ಬೇಲಿಯೊಳಗೆ ಹೂತಿಟ್ಟ ಮಳೆಮಾಪಕಗಳನ್ನು ಯಾರೋ ಪುಣ್ಯಾತ್ಮರು ದಿನವೂ ನೋಡಿ ಕಾರ್ಡಿನಲ್ಲಿ ಅಂಕಿ ಬರೆದು ಕಳಿಸುತ್ತಿದ್ದರು. ಅವುಗಳನ್ನು ಒಂದು ದೊಡ್ಡ ಹಾಳೆಯ ಮೇಲೆ ಇಳಿಸುವವನು ನಾನು. ಕಿಟಕಿಯ ಹೊರಗೆ ಸಾಬರಮತಿಯ ಮರಳು ಬಿಸಿಲಿಗೆ ಬೆಳ್ಳಗೆ ಕಾಯುತ್ತಿದ್ದಾಗಲೂ ನನ್ನ ಮೇಜಿನ ಮೇಲೆ ಮಳೆ ಸುರಿಯುತ್ತಿತ್ತು. ಎಷ್ಟೋ ಮಧ್ಯಾಹ್ನ ಕೈಯಲ್ಲಿ ಪೆನ್ಸಿಲು ಹಿಡಿದುಕೊಂಡು, ಕಾಣದ ಊರುಗಳ ಕೆಸರಿನಲ್ಲಿ ನಡೆಯುತ್ತ ನಾನು ಅರೆನಿದ್ದೆಗೆ ಜಾರಿದ್ದುಂಟು. ಕಚೇರಿಯ ಭಾಷೆಯಲ್ಲಿ ಇದಕ್ಕೆ ಪರಿಶೀಲನೆ ಎಂದು ಹೆಸರು.

ಆ ಕಾರ್ಡುಗಳಲ್ಲಿ ಒಂದು ತಂಟೆಯ ಕಾರ್ಡು. ಸೂರತ್ತಿನ ಆಚೆ ಡಾಂಗ್ ಕಾಡಿನ ಒಂದು ಗುಡ್ಡದ ತಲೆಯಿಂದ ಬರುತ್ತಿದ್ದದ್ದು. ಗುಡ್ಡದ ಬುಡದಲ್ಲಿದ್ದ ಅರಣ್ಯ ಡಿಪೋದಲ್ಲಿ ಮಳೆ ಹೊಡೆದು ಹಾಕಿದ ದಿನ, ಮೇಲೆ ಬರೀ ನಾಲ್ಕು ಹನಿ ಎಂದು ಅದರಲ್ಲಿ ಬರೆದಿರುತ್ತಿತ್ತು. ಇನ್ನೊಂದು ದಿನ ಬುಡದಲ್ಲಿ ಕಡಿಮೆ, ಮೇಲೆ ಧಾರಾಳ. ಗುಡ್ಡ ಹತ್ತಿದ ಹಾಗೆ ಮಳೆ ಹೆಚ್ಚಬೇಕು ಎಂಬುದು ಶಾಸ್ತ್ರ. ಶಾಸ್ತ್ರ ಮೀರಿದ ಮಳೆಯನ್ನು ದಿನವೂ ಅಳೆಯುತ್ತಿದ್ದವರು ಪ್ರಾಥಮಿಕ ಶಾಲೆಯ ಒಬ್ಬ ನಿವೃತ್ತ ಮಾಸ್ತರು. ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಅವರು ಗುಡ್ಡದ ಮೇಲೆ ಹಾಜರಿರಬೇಕು. ಅವರು ಹತ್ತುವುದೇ ಇಲ್ಲ, ಕೆಳಗೆ ಮನೆಯಲ್ಲಿ ಚಹ ಕುಡಿಯುತ್ತ ಮನಸ್ಸಿಗೆ ಬಂದದ್ದು ಬರೆಯುತ್ತಾರೆ ಎಂದು ನಮ್ಮ ಮೇಲಧಿಕಾರಿಗಳು ತೀರ್ಮಾನಕ್ಕೆ ಬಂದಿದ್ದರು. ನಾನು ಹೋಗಿ ನೋಡಿ ವರದಿ ಕೊಡಬೇಕು. ಅಂಕಿ ಸುಳ್ಳೆಂದಾದರೆ ಗುಡ್ಡದ ಮಳೆಮಾಪನ ಕೇಂದ್ರ ಮುಚ್ಚುವುದು. ಮಾಸ್ತರರ ಹೆಸರಿನ ಮುಂದೆ ‘ನಂಬಲರ್ಹರಲ್ಲ’ ಎಂದು ಬರೆದು ಅದರ ಒಂದು ಪ್ರತಿಯನ್ನು ಅವರ ಜಿಲ್ಲೆಗೇ ಕಳಿಸುವುದು. ಮೂವತ್ತು ವರ್ಷ ಊರ ಮಕ್ಕಳಿಗೆ ಸತ್ಯಂ ವದ ಎಂದು ಹೇಳಿಕೊಟ್ಟ ಮನುಷ್ಯನಿಗೆ ಆ ಪ್ರತಿ ಎಂಥದು ಎಂದು ಯೋಚಿಸುವುದು ನನ್ನ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ.

ಮೇಲಧಿಕಾರಿಗಳು ಮೈಸೂರು ಕಡೆಯವರು. ಹೊರಡುವಾಗ ಕರೆದು, “ನೋಡ್ರೀ, ಕಣ್ಣಲ್ಲಿ ಕಂಡದ್ದು ಮಾತ್ರ ಬರೀರಿ. ಕನಿಕರ ಬರೀಬೇಡಿ,” ಎಂದರು.

ಬರೋಡದ ಸ್ಟೇಷನ್ನಿನಲ್ಲಿ ನಮ್ಮ ಭಾವ ಹತ್ತಿಕೊಂಡರು. ನನ್ನ ಅಕ್ಕನ ಗಂಡ, ರೈಲ್ವೆಯವರು. ಪಾಸು ಇದೆ, ರಜೆ ಇದೆ, ಗುಡ್ಡದ ಗಾಳಿ ಶ್ವಾಸಕೋಶಕ್ಕೆ ಒಳ್ಳೆಯದು ಎಂಬ ಮೂರು ಕಾರಣಗಳನ್ನು ಅವರು ಕಾಗದದಲ್ಲಿ ಮೊದಲೇ ತಿಳಿಸಿದ್ದರು. ಅಕ್ಕ ಕಟ್ಟಿಕೊಟ್ಟ ದಪಾಟಿ, ಗುರೆಳ್ಳು ಚಟ್ನಿಯ ಗಂಟು ಅವರ ತೊಡೆಯ ಮೇಲಿತ್ತು. ನನ್ನ ಪ್ರಯಾಣದ ಉದ್ದೇಶವನ್ನು ಪೂರ್ತಿ ಕೇಳಿ, ಆಮೇಲೆ ಮಾತಾಡಿದರು.

“ಅಲ್ಲೋ ತಮ್ಮಾ, ಒಂದು ತಂಬಿಗಿ ನೀರು ಅಳೀಲಿಕ್ಕೆ ಅಮದಾವಾದದಿಂದ ಮನಶ್ಯಾನ್ನ ಕಳಸ್ತಾರಂದ್ರ, ನಿಮ್ಮ ಸರಕಾರಕ್ಕ ಭಾಳ ನೀರಡಿಕಿ ಆಗೇದಂತ ಕಾಣತದ.”

ನರ್ಮದೆಯ ಸೇತುವೆ ಬಂದಾಗ ಮಳೆ ಬಂತು; ಸೇತುವೆ ಮುಗಿಯುವಷ್ಟರಲ್ಲಿ ಬಿಸಿಲು. ಆ ಶ್ರಾವಣ ಮಾಸ ಪೂರ್ತಿ ಹಾಗೇ ಇತ್ತು. ಹತ್ತಿಯ ಹೊಲಗಳ ಮೇಲೆ ಮೋಡದ ನೆರಳು ನಮ್ಮ ಗಾಡಿಯ ಜೊತೆ ಓಡಿ, ಬೇಸರವಾದ ಹಾಗೆ ಹಿಂದೆ ಉಳಿದುಬಿಡುತ್ತಿತ್ತು. ಸೂರತ್ತಿನಲ್ಲಿ ತಾಪಿ ನದಿ ಚಹದ ಬಣ್ಣದಲ್ಲಿ ಹರಿಯುತ್ತಿತ್ತು. ಉಧ್ನಾದಲ್ಲಿ ಗಾಡಿ ಕಾರಣವಿಲ್ಲದೆ ನಿಂತಾಗ ಭಾವ ಇಳಿದು, ಕಾರಣ ವಿಚಾರಿಸಿ, ಅಲ್ಲಿಯವರಿಗೆ ಎರಡು ಸಲಹೆ ಕೊಟ್ಟು ಹತ್ತಿಕೊಂಡರು. ಬಿಲ್ಲಿಮೋರಾದಲ್ಲಿ ದೊಡ್ಡ ಗಾಡಿ ಬಿಟ್ಟು ಸಣ್ಣ ಹಳಿಯ ಗಾಡಿ ಹಿಡಿದೆವು. ಆಟಿಕೆಯ ಹಾಗಿದ್ದ ಆ ಗಾಡಿ ಬಿದಿರುಮೆಳೆಗಳ ನಡುವೆ ಎಷ್ಟು ನಿಧಾನ ಹೋಗುತ್ತಿತ್ತೆಂದರೆ, ಕಿಟಕಿಯಿಂದ ಒಳಗೆ ಬಂದ ಚಿಟ್ಟೆಯೊಂದು ಎರಡು ನಿಲ್ದಾಣಗಳವರೆಗೆ ಪ್ರಯಾಣ ಮಾಡಿ ಇಳಿಯಿತು. ಭಾವನವರಿಗೆ ಇದು ರೈಲ್ವೆ ಇಲಾಖೆಗೆ ನಷ್ಟವಾಗಿ ಕಂಡಿತು. ನನಗೆ ಮಾತ್ರ, ನನ್ನ ಮೇಜಿನ ಹಾಳೆಯೊಳಗೇ ಇಳಿದು ಹೋಗುತ್ತಿದ್ದೇನೆ, ಪೆನ್ಸಿಲಿನ ಗೆರೆಗಳ ನಡುವೆ ಎಲ್ಲೋ ಹುಲ್ಲು ಬೆಳೆದಿದೆ ಎನ್ನಿಸುತ್ತಿತ್ತು.

ಅರಣ್ಯದವರ ಬಂಗಲೆಯಲ್ಲಿ ಆ ರಾತ್ರಿ ಮಲಗಿದೆವು. ಬೆಳಗಿನವರೆಗೂ ಹೆಂಚಿನ ಮೇಲೆ ಮಳೆ ಒಂದೇ ಸಮ ಕುಟ್ಟಿತು. ಈಗ ಅಲ್ಲೇ ಪಕ್ಕದ ಕಾಡಿಗೆ ರಾಷ್ಟ್ರೀಯ ಉದ್ಯಾನ ಎಂಬ ಬಿರುದು ಬಂದಿದೆಯಂತೆ, ಜನ ದೂರದೂರದಿಂದ ನಡೆಯಲೆಂದೇ ಬರುತ್ತಾರಂತೆ. ಆಗ ಅದು ಬರೀ ಕಾದಿಟ್ಟ ಕಾಡು. ನಡೆಯಲೆಂದೇ ಬಂದವರನ್ನು ಅರಣ್ಯ ರಕ್ಷಕರು ಮರಗಳ್ಳರೆಂದು ತಿಳಿಯುತ್ತಿದ್ದರು.

ಬೆಳಿಗ್ಗೆ ಆರಕ್ಕೆ ಮಾಸ್ತರು ಬಂದರು. ಎಪ್ಪತ್ತರ ಹತ್ತಿರದ ತೆಳ್ಳನೆಯ ಮನುಷ್ಯ. ಬಿಳಿ ಟೋಪಿ, ಮೊಳಕಾಲಿಗೆ ಎತ್ತಿ ಕಟ್ಟಿದ ಧೋತ್ರ, ಹೆಗಲಿಗೆ ಬಟ್ಟೆಯ ಚೀಲ. ಚೀಲದೊಳಗೆ ಅಳತೆಯ ಗಾಜು, ಮಗುವಿನ ಹಾಗೆ ಟವೆಲಿನಲ್ಲಿ ಸುತ್ತಿಟ್ಟದ್ದು. ನಾನು ಇದು ಮಾಮೂಲಿ ತಪಾಸಣೆ ಎಂದೆ. ಅವರು ತಲೆಯಾಡಿಸಿದರು. ಮಾಮೂಲಿ ತಪಾಸಣೆಗೆ ಏಳು ವರ್ಷದಲ್ಲಿ ಯಾರೂ ಬಂದಿರಲಿಲ್ಲವೆಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಅವರ ಮಾತು ಗುಜರಾತಿ. ನನ್ನದು ಅಂಗಡಿಯಲ್ಲಿ ಕಲಿತ ಗುಜರಾತಿ. ಓದಲು ಮಾತ್ರ ನನಗೆ ಒಂದಕ್ಷರವೂ ಬರುತ್ತಿರಲಿಲ್ಲ. ಭಾವನವರು ಗಟ್ಟಿಯಾಗಿ ಮಾತಾಡಿದರೆ ಯಾರಿಗಾದರೂ ತಿಳಿದೀತು ಎಂಬ ನಂಬಿಕೆಯ ಮೇಲೆ ಧಾರವಾಡದ ಕನ್ನಡವನ್ನೇ ಬಳಸಿದರು.

ಗುಡ್ಡದ ದಾರಿ ಎರಡೂವರೆ ಮೈಲಿ. ಆ ಎರಡೂವರೆ ಮೈಲಿಯಲ್ಲಿ ನಾನು ಕಂಡಷ್ಟು ಹವಾಮಾನವನ್ನು ಆಮೇಲಿನ ಇಡೀ ಸೇವೆಯಲ್ಲಿ ಕಂಡಿಲ್ಲ. ಬುಡದಲ್ಲಿ ತೊಳೆದಿಟ್ಟ ಬಿಸಿಲು. ಪ್ರತಿ ಹುಲ್ಲಿನ ತುದಿಯಲ್ಲೂ ಒಂದೊಂದು ದೀಪ. ಸಾಗವಾನಿಯ ಕಾಡು ಹೊಕ್ಕೊಡನೆ ಮಳೆ. ಆ ಮರದ ಮೊರದಗಲದ ಎಲೆಗಳ ಮೇಲೆ ಹನಿ ಬೀಳುವ ಸದ್ದು, ದೂರದಲ್ಲೆಲ್ಲೋ ಸಾವಿರಾರು ಜನ ಯಾರಿಗೋ ಚಪ್ಪಾಳೆ ತಟ್ಟುತ್ತಿದ್ದಾರೆ ಎನ್ನಿಸುವಂಥದು. ಒಂದು ಹಳ್ಳ ದಾಟಿದೆವು. ದಾಟುವ ಮೊದಲೇ ಮಾಸ್ತರು ಛತ್ರಿ ಮಡಚಿದರು. ಹಳ್ಳದ ಆಚೆ ಹತ್ತು ಹೆಜ್ಜೆ ಇಡುವಷ್ಟರಲ್ಲಿ ಮಳೆ ನಿಂತಿತು. ಇನ್ನೂ ಸ್ವಲ್ಪ ಮೇಲೆ, ಬಿಸಿಲಿರುವಾಗಲೇ ಅವರು ಛತ್ರಿ ಬಿಚ್ಚಿದರು, ನಾವು ಬಿಚ್ಚಲಿಲ್ಲ. ಬಂಡೆಯೊಂದರ ತಿರುವು ದಾಟುತ್ತಲೇ ನಾವಿಬ್ಬರೂ ನೆನೆದು ತೊಪ್ಪೆಯಾದೆವು.

ಭಾವ ತಲೆ ಒರೆಸಿಕೊಳ್ಳುತ್ತ ಹೇಳಿದರು: “ನಿಮ್ಮ ಆಫೀಸಿನ್ಯಾಗ ಅಷ್ಟು ಮಂದಿ ಯಾಕ ಬೇಕೋ? ಈ ಛತ್ರಿ ಒಂದನ್ನ ಗ್ವಾಡಿಗೆ ತೂಗು ಹಾಕ್ರಿ. ಸಾಕಾಗತದ.”

ಇಲ್ಲಿ ಮಳೆಗೂ ಕೆಲವು ರೂಢಿಗಳಿವೆ ಎಂದು ಮಾಸ್ತರು ಹೇಳಿದರು. ಪಶ್ಚಿಮದ ಕಣಿವೆಯಿಂದ ಏರಿ ಬರುವ ಮೋಡ ಆ ಬಂಡೆಯ ಹತ್ತಿರ ದಣಿಯುತ್ತದಂತೆ. ದಿನಾ ಹೀಗಲ್ಲ, ಹತ್ತರಲ್ಲಿ ಆರು ದಿನ ಹೀಗೆ ಎಂದು ಕೂಡಲೇ ತಿದ್ದಿಕೊಂಡರು. ಆ ತಿದ್ದುಪಡಿ ನನ್ನನ್ನು ಸ್ವಲ್ಪ ಕಾಡಿತು. ಸುಳ್ಳು ಬರೆಯುವವರು ಮಾತಿನ ನಡುವೆ ಹತ್ತರಲ್ಲಿ ಆರು ಎಂದು ನಿಲ್ಲುವುದಿಲ್ಲ. ಹತ್ತಕ್ಕೆ ಹತ್ತು ಎನ್ನುತ್ತಾರೆ. ಆದರೆ ಇದು ಕಣ್ಣಲ್ಲಿ ಕಂಡದ್ದಲ್ಲ, ವರದಿಗೆ ಬರುವಂತಿರಲಿಲ್ಲ. ದಾರಿ ಸವೆದು ನುಣುಪಾಗಿತ್ತು, ಒಬ್ಬರೇ ನಡೆದ ದಾರಿಯ ಹಾಗೆ, ಎರಡು ಪಾದದಷ್ಟೇ ಅಗಲ. ಅದನ್ನು ಮಾತ್ರ ಮನಸ್ಸಿನಲ್ಲಿ ಬರೆದುಕೊಂಡೆ.

ಮೇಲೆ ಮಂಜು ಕವಿಯಿತು. ಮೊದಲು ದೂರದ ಗುಡ್ಡಗಳು ಹೋದವು, ಆಮೇಲೆ ಹತ್ತಿರದ ಮರಗಳು, ಆಮೇಲೆ ಭಾವ. ಅವರ ಕೆಮ್ಮು ಮಾತ್ರ ಹಿಂದೆ ಬರುತ್ತಿತ್ತು. ಮುಂದೆ ಮಾಸ್ತರರ ಬಿಳಿ ಟೋಪಿ ತೇಲುತ್ತ ಹೋಗುತ್ತಿತ್ತು. ಮಳೆಯೂ ಹಿಡಿದುಕೊಂಡಿತು, ಸಣ್ಣದಲ್ಲ, ಬೆನ್ನಿಗೆ ಚುಚ್ಚುವಂಥದು. ಆದರೂ ಆ ಬೆಳ್ಳಗಿನ ಏನೂ ಇಲ್ಲದ್ದರೊಳಗೆ ನಡೆಯುವುದರಲ್ಲಿ ಒಂದು ವಿಚಿತ್ರ ಸುಖವಿತ್ತು. ಊರು, ಕಚೇರಿ, ನನ್ನ ವಯಸ್ಸು ಯಾವುದೂ ನೆನಪಾಗಲಿಲ್ಲ. ಯಾರದೋ ಕನಸಿನೊಳಗೆ ತಪಾಸಣೆಗೆ ಬಂದವನ ಹಾಗೆ ನಡೆದೆ.

ಟೋಪಿ ನಿಂತಿತು. ಕೈಗೆ ಒಂದು ತಂತಿ ತಾಗಿತು, ಬೇಲಿ. ಮಾಸ್ತರು ಬೀಗ ತೆಗೆದು ನನ್ನನ್ನು ಒಳಗೆ ಬಿಟ್ಟರು. ಬೇಲಿಯೊಳಗೆ ಸಿಬ್ಬಂದಿಗೆ ಮಾತ್ರ ಪ್ರವೇಶ, ಹಾಗಾಗಿ ಭಾವ ಹೊರಗೆ ನಿಂತರು. ಒಳಗೆ ಕಾಲಿಟ್ಟಾಗ ಮಳೆ ನಿಂತಿತು. ಅಲ್ಲೊಂದು ಇಲ್ಲೊಂದು ದಪ್ಪ ಹನಿ ಬಿದ್ದದ್ದು ಬಿಟ್ಟರೆ ಏನೂ ಇಲ್ಲ. ಇದೂ ಇಲ್ಲಿಯ ಮಳೆಯ ರೂಢಿಯಿರಬೇಕು ಎಂದುಕೊಂಡೆ.

ಎಂಟೂವರೆ ಆಗಲು ಏಳು ನಿಮಿಷವಿತ್ತು. ಮಾಸ್ತರು ಆ ಏಳು ನಿಮಿಷ ಗಡಿಯಾರ ಹಿಡಿದು ನಿಂತರು. ಆಮೇಲೆ ಹಿತ್ತಾಳೆಯ ಅಂಚಿನ ಆಲಿಕೆ ಎತ್ತಿ, ಕೆಳಗಿನ ಬಾಟಲಿ ಹೊರತೆಗೆದು, ನೀರನ್ನು ಅಳತೆಯ ಗಾಜಿಗೆ ಸುರಿದು, ಮೊಳಕಾಲೂರಿ ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ನೋಡಿದರು. ನಾನೂ ಮೊಳಕಾಲೂರಿ ನೋಡಿದೆ. ರಾತ್ರಿಯಿಡೀ ಹೆಂಚು ಒಡೆಯುವಷ್ಟು ಸುರಿದ ಮಳೆ ಆ ಗಾಜಿನಲ್ಲಿ ಬೆರಳಗಲಕ್ಕಿಂತ ಸ್ವಲ್ಪ ಹೆಚ್ಚಿತ್ತು. ಅವರು ಅಷ್ಟನ್ನೇ ಬರೆದರು. ಬಾಟಲಿ ನಡುವೆ ಯಾರೋ ಖಾಲಿ ಮಾಡಿರಬೇಕು ಎಂಬ ಯೋಚನೆ ನನ್ನ ಮುಖದ ಮೇಲೆ ಬಂದಿತೆಂದು ಕಾಣುತ್ತದೆ. ಅವರು ಗಾಜನ್ನು ಟವೆಲಿನಲ್ಲಿ ಸುತ್ತುತ್ತ, ನನ್ನ ಕಡೆ ನೋಡದೆ ಮಾತಾಡಿದರು. ಅದನ್ನು ನನ್ನ ಕನ್ನಡದಲ್ಲಿ ಹೇಳುತ್ತೇನೆ.

“ಸಾಹೇಬ, ಮೂವತ್ತು ವರ್ಷ ಮಕ್ಕಳ ಉತ್ತರ ತಿದ್ದಿದ್ದೇನೆ. ಕದ್ದ ಉತ್ತರ ಹೇಗಿರುತ್ತದೆ ಅಂತ ನನಗೆ ಗೊತ್ತು. ಪಕ್ಕದವನ ಉತ್ತರದ ಹಾಗೇ ಇರುತ್ತದೆ. ನಾನು ಸುಳ್ಳು ಬರೆಯುವವನಾಗಿದ್ದರೆ ಡಿಪೋದವರ ಅಂಕಿ ನೋಡಿ, ಅದಕ್ಕೆ ಸ್ವಲ್ಪ ಸೇರಿಸಿ ಬರೆಯುತ್ತಿದ್ದೆ. ನೀವು ಇಷ್ಟು ದೂರ ಬರುವುದೇ ಇರುತ್ತಿರಲಿಲ್ಲ.”

ಏನಾದರೂ ಅನ್ನಬೇಕಲ್ಲ ಎಂದು, ಮಳೆಯಂತೂ ನಿಂತಿತಲ್ಲ ಭಾವಾ ಎಂದು ಬೇಲಿಯ ಕಡೆ ಕೂಗಿದೆ.

ಮಂಜಿನೊಳಗಿನಿಂದ ಭಾವನವರ ದನಿ ಬಂತು. “ಎಲ್ಲಿ ನಿಂತದಲೇ? ನನ್ನ ಮ್ಯಾಲೆ ಹಂಡೇಲೆ ಸುರದಂಗ ಸುರೀಲಿಕತ್ತದ. ನಿನಗೊಬ್ಬನಿಗೆ ಸರಕಾರ ಬಿಸಲು ಬಿಟ್ಟದೇನು?”

ನಾನು ಬೇಲಿಯ ಬಾಗಿಲಿಗೆ ಹೋಗಿ ಕೈ ಹೊರಗೆ ಚಾಚಿದೆ. ಕೈ ಮಣಿಕಟ್ಟಿನವರೆಗೆ ನೆನೆಯಿತು. ಒಳಗೆ ಎಳೆದುಕೊಂಡೆ, ಹನಿಯಿಲ್ಲ. ಮತ್ತೆ ಚಾಚಿದೆ. ಇಪ್ಪತ್ತೈದು ವರ್ಷ ವಯಸ್ಸಿನ ಕೇಂದ್ರ ಸರಕಾರದ ನೌಕರ ಹೀಗೆ ಕೈ ಒಳಗೂ ಹೊರಗೂ ಮಾಡುತ್ತಿದ್ದುದನ್ನು ಮಾಸ್ತರು ತಾಳ್ಮೆಯಿಂದ ನೋಡುತ್ತ ನಿಂತರು, ಮಗ್ಗಿ ತಾನಾಗಿ ಹೊಳೆಯಲಿ ಎಂದು ಕಾಯುವವರ ಹಾಗೆ. ಆಗ ಪಶ್ಚಿಮದಿಂದ ಗಾಳಿ ಎದ್ದಿತು. ಮಂಜು ಹರಿದು ಚಿಂದಿಯಾಗಿ ಕಣಿವೆಗೆ ಇಳಿಯಿತು. ನಾನು ತಲೆಯೆತ್ತಿದೆ.

ಬೇಲಿಯ ನಾಲ್ಕು ಮೂಲೆಗಳಲ್ಲಿ ನಾಲ್ಕು ಹಾಲುವಾಣದ ಮರಗಳು. ಗೂಟಗಳಲ್ಲ, ಮರಗಳು. ತಂತಿ ಅವುಗಳ ತೊಗಟೆಯೊಳಗೆ ಹೂತು ಹೋಗಿತ್ತು. ಕೊಂಬೆಗಳು ಮೇಲೆ ಕೈಕೈ ಹಿಡಿದು, ಮಳೆಮಾಪಕದ ನೆತ್ತಿಗೆ ಹಸಿರು ಚಪ್ಪರ ಹಾಕಿದ್ದವು. ನೇರ ಬಿದ್ದ ಮಳೆಯನ್ನೆಲ್ಲ ಚಪ್ಪರ ತಡೆಯುತ್ತಿತ್ತು. ಗಾಳಿಯಿಂದ ಅಡ್ಡ ಬಂದ ಮಳೆ ಒಳಗೆ ನುಗ್ಗುತ್ತಿತ್ತು, ಎಲೆಯಿಂದ ತೊಟ್ಟಿಕ್ಕಿದ್ದೂ ಅದಕ್ಕೆ ಸೇರುತ್ತಿತ್ತು. ಏಳು ವರ್ಷದ ಹಿಂದೆ ಬಂದ ತಪಾಸಣೆಯವರು ಬೇಲಿ ಇಲ್ಲವೆಂದು ಆಕ್ಷೇಪಿಸಿದ್ದರು. ಕೂಡಲೇ ಹಾಕಬೇಕೆಂದು ಅಪ್ಪಣೆಯಾಗಿ, ಕಾಡಿನವರು ಕೈಗೆ ಸಿಕ್ಕ ಹಸಿ ಗೂಟ ಕಡಿದು ನೆಟ್ಟಿದ್ದರು. ಹಾಲುವಾಣದ ಹಸಿ ಗೂಟ ನೆಟ್ಟರೆ ಏನಾಗುತ್ತದೆಂದು ನಮ್ಮ ಕಡೆ ಎಲೆಬಳ್ಳಿಯ ತೋಟದವರೆಲ್ಲರಿಗೂ ಗೊತ್ತು. ಇಲಾಖೆಯ ಕೈಪಿಡಿಯಲ್ಲಿ ಮಾತ್ರ ಗೂಟ ಚಿಗುರುವ ಪ್ರಸ್ತಾಪ ಇರಲಿಲ್ಲ.

ಕಡಿಸಬಾರದಿತ್ತೇ ಎಂದು ಮಾಸ್ತರರನ್ನು ಕೇಳಿದೆ. ಅನುಮತಿಯಿಲ್ಲದೆ ಬೇಲಿಯನ್ನು ಮುಟ್ಟಕೂಡದು ಎಂದು ಸುತ್ತೋಲೆ ಇದೆ ಎಂದರು. ಅನುಮತಿ ಕೇಳಬಹುದಿತ್ತಲ್ಲ ಎಂದೆ. ಅವರು ಮೊದಲ ಬಾರಿಗೆ ನನ್ನನ್ನು ನೇರವಾಗಿ ನೋಡಿದರು. ಕೇಳಿದ್ದೆ, ಮೂರು ಮಳೆಗಾಲ, ಮೂರು ಕಾಗದ ಎಂದರು. ಮರ ಎಷ್ಟೆಷ್ಟು ಬೆಳೆದಿದೆ ಎಂದು ಪ್ರತಿ ಸಲ ಚಿತ್ರ ಬರೆದೂ ಕಳಿಸಿದ್ದರಂತೆ.

ಚಿತ್ರ ಎಂದೊಡನೆ ನನಗೆ ನೆನಪಾಯಿತು. ಸಾಲಾಗಿ ಮುತ್ತು ಪೋಣಿಸಿದಂಥ ಗುಜರಾತಿ ಅಕ್ಷರ, ಕೆಳಗೆ ಮಸಿಯಲ್ಲಿ ಬರೆದ ನಾಲ್ಕು ಪುಟ್ಟ ಮರ. ಅಂಥ ಎರಡು ಕಾಗದ ನನ್ನ ಮೇಜಿಗೇ ಬಂದಿದ್ದವು. ಆ ಮರಗಳನ್ನು ನೋಡುತ್ತ ಒಂದು ಮಧ್ಯಾಹ್ನ ಪೂರ್ತಿ ನಾನು ಹಿತವಾಗಿ ತೂಕಡಿಸಿದ್ದೂ ನೆನಪಾಯಿತು. ನಮ್ಮ ವಿಭಾಗದಲ್ಲಿ ಕನ್ನಡದವರು, ತಮಿಳರು, ಬಂಗಾಳಿಗಳು ಇದ್ದೆವು. ಇಡೀ ಅಹಮದಾಬಾದು ಗುಜರಾತಿ ಓದುತ್ತಿತ್ತು, ನಾವು ಓದುತ್ತಿರಲಿಲ್ಲ. ಕಾಗದದ ಮೂಲೆಯಲ್ಲಿ ‘ಭಾಷಾಂತರಕ್ಕೆ’ ಎಂದು ಬರೆದು, ಸಣ್ಣ ಸಹಿ ಹಾಕಿ, ಕಡತಕ್ಕೆ ಸೇರಿಸಿದ್ದೆ. ಭಾಷಾಂತರ ಮಾಡುವವರು ಯಾರು ಎಂದು ನಾನು ಬರೆದಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಮಾಸ್ತರರ ಮುಂದೆ ಇದನ್ನು ಹೇಳಲು ಬಾಯಿ ಬರಲಿಲ್ಲ. ಇಳಿಯುವಾಗ ಬಿಸಿಲು, ಮಳೆ, ಮತ್ತೆ ಬಿಸಿಲು. ಕಣಿವೆಯ ಮೇಲೆ ಒಂದು ಕಾಮನಬಿಲ್ಲು ಬಂತು, ಅದರ ಒಂದು ಕಾಲು ನಮ್ಮ ಬಂಗಲೆಯ ಮೇಲೇ ಊರಿತ್ತು. ಬೇರೆ ದಿನವಾಗಿದ್ದರೆ ನಾನು ಅಲ್ಲೇ ಒಂದು ಗಂಟೆ ನಿಂತುಬಿಡುತ್ತಿದ್ದೆ. ಮಾಸ್ತರು ಬಂಗಲೆಯ ಗೇಟಿನವರೆಗೆ ಬಂದು, ವರದಿಯಲ್ಲಿ ಏನು ಬರೆಯುತ್ತೀರಿ ಎಂದು ಕೇಳಲಿಲ್ಲ. ಎಂಟೂವರೆಯ ಅಂಕಿಯನ್ನು ಮಾತ್ರ ಇನ್ನೊಂದು ಸಲ ತೋರಿಸಿ, ನೀವೂ ನೋಡಿದಿರಲ್ಲ ಎಂದು ಕೇಳಿ, ಕೈಮುಗಿದು ಹೋದರು.

ಸಣ್ಣ ಗಾಡಿಯಲ್ಲಿ ಭಾವನವರಿಗೆ ಆ ಎರಡು ಕಾಗದಗಳ ಸಂಗತಿ ಹೇಳಿದೆ. ಅವರು ದಪಾಟಿ ಮುರಿಯುತ್ತಿದ್ದವರು ಕೈ ನಿಲ್ಲಿಸಿದರು. ನಾನೇ ಮುಂದುವರಿದು, ಮರದ ಸಂಗತಿ ಬರೆದರೆ ಸಾಕು, ಮಾಸ್ತರರ ಹೆಸರು ಉಳಿಯುತ್ತದೆ, ಕಾಗದದ ಸಂಗತಿ ಬರೆಯುವ ಅಗತ್ಯ ಕಾಣುವುದಿಲ್ಲ ಎಂದೆ. ನನಗೇ ಅದು ಸಮಂಜಸವಾಗಿ ಕೇಳಿಸಿತು.

“ಮರಾ ಬೆಳದದ್ದು ಅಷ್ಟs ಬರದ್ರ, ಏಳು ವರ್ಷ ಮಾಸ್ತರ ಯಾಕ ಸುಮ್ಮನಿದ್ದಾ ಅಂತ ಕೇಳ್ತಾರ. ಆಗ ಸುಳ್ಳಾ ಹೋಗಿ ದಡ್ಡಾ ಆಗ್ತಾನ, ಅಷ್ಟs. ನೀ ಒಂದು ಸಹಿ ಮಾಡಿ ಮಲಗಿದ್ದಿ, ಈಗ ಇನ್ನೊಂದು ಸಹಿ ಮಾಡಿ ಏಳು.”

ಹೀಗೆ ಹೇಳಿ ಅವರು ದಪಾಟಿಗೆ ಮರಳಿದರು. ನಾನು ವರದಿಯ ಹಾಳೆ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಬಿದಿರಿನ ನೆರಳು ಅವರ ಮುಖದ ಮೇಲೂ, ನನ್ನ ಖಾಲಿ ಹಾಳೆಯ ಮೇಲೂ ಹಾದು ಹೋಗುತ್ತಿತ್ತು. ಸೂರತ್ತಿಗೆ ಬರುವಷ್ಟರಲ್ಲಿ ಹಾಳೆ ಖಾಲಿಯಿರಲಿಲ್ಲ.

ಮೇಲಧಿಕಾರಿಗಳು ವರದಿಯನ್ನು ಎರಡು ಸಲ ಓದಿದರು. ಕಡತ ತರಿಸಿ ಮೂರು ಕಾಗದಗಳನ್ನೂ ಬಿಡಿಸಿದರು. ಮೊದಲನೆಯದರ ಮೇಲಿನ ಸಹಿ ನನಗಿಂತ ಹಿಂದಿನವರದು. ಎರಡನೆಯದನ್ನು ಬೆರಳಿಂದ ಮುಟ್ಟಿ, ಇದು ಯಾರದ್ರೀ ಎಂದರು. ನಂದೇ ಸರ್ ಎಂದೆ. ಮೂರನೆಯದನ್ನು ಮುಟ್ಟಿದರು. ಅದೂ ನಂದೇ ಎಂದೆ. ಅವರು ಕನ್ನಡಕ ತೆಗೆದು ಆ ನಾಲ್ಕು ಪುಟ್ಟ ಮರಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕಚೇರಿಯ ಬಾಗಿಲಲ್ಲಿ ಕೂರುತ್ತಿದ್ದ ಗುಜರಾತಿ ಜವಾನನನ್ನು ಕರೆದು ಕಾಗದಗಳನ್ನು ಓದಿಸಿದರು. ಅವನು ಐದು ನಿಮಿಷದಲ್ಲಿ ಮೂರನ್ನೂ ಓದಿ ಅರ್ಥ ಹೇಳಿದ.

ನನ್ನ ಸೇವಾ ಪುಸ್ತಕದಲ್ಲಿ ‘ಅಲಕ್ಷ್ಯ’ ಎಂದು ಒಂದು ಸಾಲು ಸೇರಿತು. ಮಾಸ್ತರರಿಗೆ ಕ್ಷಮೆ ಕೋರಿ ಪತ್ರ ಹೋಯಿತು, ಗುಜರಾತಿಯಲ್ಲಿ. ಮರ ಕಡಿಯಲು ಅರಣ್ಯ ಇಲಾಖೆಯನ್ನು ಕೇಳಿದಾಗ, ಕಾದಿಟ್ಟ ಕಾಡಿನಲ್ಲಿ ಬೆಳೆದು ನಿಂತ ಮರ ತಮ್ಮದು, ಕಡಿಯಲು ಬಿಡುವುದಿಲ್ಲ ಎಂದು ಅವರು ಬರೆದರು. ಮರುವರ್ಷ ಮೇ ತಿಂಗಳಲ್ಲಿ ಮಳೆಮಾಪಕವನ್ನು ನಲವತ್ತು ಅಡಿ ಪೂರ್ವಕ್ಕೆ ಸರಿಸಿ, ಕಬ್ಬಿಣದ ಕಂಬ ಹಾಕಲಾಯಿತು. ಬೆಳಿಗ್ಗೆ ಎಂಟೂವರೆಗೆ ಗುಡ್ಡದ ಮೇಲೆ ಅಂಕಿ ಓದುವವರು ಬದಲಾಗಲಿಲ್ಲ.